ಹರಕೆಯಿಲ್ಲದ ಓಟ

ಶಿವನಂಜಮ್ಮ ರಸ್ತೆಯಲ್ಲಿ ಓಡಿದಳೆಂದರೆ ಊರಿಗೆ ಎರಡೇ ಅರ್ಥ ಗೊತ್ತಿತ್ತು. ಯಾರಿಗೋ ಹೆರಿಗೆ ನೋವು ಬಂದಿದೆ, ಇಲ್ಲವೇ ಯಾರದೋ ಜೀವ ಹೋಗುತ್ತಿದೆ. ಮದ್ದೂರಿನಿಂದ ವೈದ್ಯನಾಥಪುರಕ್ಕೆ ಹೋಗುವ ದಾರಿಯ ಆ ಊರಿಗೆ ಸೊಸೆಯಾಗಿ ಬಂದು, ಆಮೇಲೆ ಅಲ್ಲಿಗೇ ಸರ್ಕಾರಿ ನರ್ಸಮ್ಮನಾಗಿ ನಿವೃತ್ತಿಯವರೆಗೂ ದುಡಿದವಳು ಅವಳು. ಈಗ ಮೀಸೆ ತಿರುವಿಕೊಂಡು ಬೈಕು ಓಡಿಸುವ ಗಂಡಸರಲ್ಲಿ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು, ಉಳಿದವರು ಅವಳ ಕೈಯಲ್ಲಿ ಸೂಜಿ ಚುಚ್ಚಿಸಿಕೊಂಡು ಅತ್ತವರು. ಅಂಥವಳು ಅರವತ್ತು ದಾಟಿದ ಮೇಲೆ ಸುಮ್ಮನೆ ಓಡುತ್ತೇನೆ ಅಂದರೆ ಯಾರು ತಾನೇ ನಂಬುತ್ತಾರೆ?

ನಿಜ ಹೇಳಬೇಕೆಂದರೆ ಶುರು ಮಾಡಿದ್ದು ಅವಳಲ್ಲ, ಮನೆಯ ಕರು. ಒಂದು ಬೆಳಿಗ್ಗೆ ಹಗ್ಗ ಬಿಚ್ಚಿಕೊಂಡು ನಾಲೆ ಏರಿಯ ಮೇಲೆ ಬಾಲ ಎತ್ತಿಕೊಂಡು ಓಡಿತು. ಗಂಡ ರಾಜೇಂದ್ರ ಶಿವನಸಮುದ್ರದ ಪವರ್ ಹೌಸಿನಲ್ಲಿ ಕೆಲಸ ಮಾಡಿ ರಿಟೈರಾದವನು. ಜಗಲಿ ಮೇಲೆ ಕೂತು ಕಾಫಿ ಕುಡಿಯುತ್ತ, "ಇಡ್ಕಳೇ ನಂಜಿ, ಇಡ್ಕ" ಎಂದು ಕೂಗಿದ್ದಷ್ಟೇ ಅವನ ಪಾಲಿನ ಕೆಲಸ. ಶಿವನಂಜಮ್ಮ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕರುವಿನ ಹಿಂದೆ ಬಿದ್ದಳು. ಕಬ್ಬಿನ ಗದ್ದೆಯ ತಿರುವಿನಲ್ಲಿ ಹಗ್ಗ ಕೈಗೆ ಸಿಕ್ಕಿತು. ಆದರೆ ಕಾಲು ನಿಲ್ಲಲಿಲ್ಲ. ಕರುವೂ ಅವಳೂ ಸೇರಿ ತೂಬಿನವರೆಗೆ ಓಡಿದರು. ಅಲ್ಲಿ ನಿಂತು ಏದುಸಿರು ಬಿಡುತ್ತ, ಹಳೆಯ ಅಭ್ಯಾಸದಂತೆ ತನ್ನ ನಾಡಿಯನ್ನು ತಾನೇ ಹಿಡಿದು ನೋಡಿಕೊಂಡಳು. ಪರವಾಗಿಲ್ಲ ಅನ್ನಿಸಿತು. ಪರವಾಗಿಲ್ಲ ಏನು, ಬಲು ಸೊಗಸಾಗಿದೆ ಅನ್ನಿಸಿತು.

ಅವಳ ತವರು ಯಲಿಯೂರು. ರೈಲು ಹಳಿಯ ಪಕ್ಕದ ಕಾಲುದಾರಿಯಲ್ಲಿ ಪ್ಯಾಸೆಂಜರ್ ಗಾಡಿಯ ಜೊತೆ ಪಂದ್ಯ ಕಟ್ಟಿ ಓಡುತ್ತಿದ್ದ ಹುಡುಗಿ. ಗಾಡಿ ಸ್ಟೇಷನ್ ಬಿಟ್ಟು ವೇಗ ಹಿಡಿಯುವ ತನಕ ಅವಳೇ ಮುಂದೆ. ಕಿಟಕಿಯಲ್ಲಿ ಕೂತವರು ಕೈ ಬೀಸುತ್ತಿದ್ದರು. ದೊಡ್ಡವಳಾದ ದಿನದಿಂದ ಅಜ್ಜಿ ಅದನ್ನು ನಿಲ್ಲಿಸಿದ್ದಳು. ಆಮೇಲೆ ಓಡಿದ್ದೆಲ್ಲ ಬೇರೆಯವರ ನೋವಿನ ಕಡೆಗೆ. ತನ್ನ ಖುಷಿಗೆ ಎಂದು ಒಂದು ಹೆಜ್ಜೆ ಓಡಿದ ನೆನಪೂ ಇರಲಿಲ್ಲ.

ಮಂಡ್ಯದ ಡಾಕ್ಟರು ಸಕ್ಕರೆ ಕಾಯಿಲೆಗೆ ನಡೆಯಿರಿ ಅಂದಿದ್ದರು. ನಿಧಾನವಾಗಿ ಓಡಬಹುದಾ ಎಂದು ಇವಳೇ ಕೇಳಿ ಹೂಂ ಅನ್ನಿಸಿಕೊಂಡು ಬಂದಳು. ಮದ್ದೂರಿನಲ್ಲಿ ಶೂ ಕೊಳ್ಳಲು ಹೋದಾಗ ಅಂಗಡಿಯವನು "ಮೊಮ್ಮಗನ ಸೈಜ್ ಎಷ್ಟಮ್ಮ?" ಅಂದ. ಇವಳು ತನ್ನ ಕಾಲು ಚಾಚಿದಳು. ಮಗಳು ಚಂದನ ಮದುವೆಯಾಗಿ ಮಳವಳ್ಳಿಗೆ ಹೋಗುವಾಗ ಬಿಟ್ಟುಹೋಗಿದ್ದ ಚೂಡಿದಾರ್ ಬೀರುವಿನಲ್ಲಿತ್ತು. ಅದರ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಂಡಳು. ಅಲ್ಲಿಗೆ ಎಲ್ಲ ತಯಾರಿ ಮುಗಿಯಿತು, ಊರೊಂದು ಬಾಕಿ.

ಏರಿಯ ದಾರಿ ಮಳೆಗೆ ಕೆಸರಾಗಿತ್ತು. ಹಾಗಾಗಿ ವೈದ್ಯನಾಥಪುರದ ಟಾರು ರಸ್ತೆ ಹಿಡಿದಳು. ಮೊದಲ ದಿನ ಹಾಲಿನ ಕ್ಯಾನು ಕಟ್ಟಿಕೊಂಡಿದ್ದ ಬೈಕು ಪಕ್ಕದಲ್ಲಿ ಗಕ್ಕನೆ ನಿಂತಿತು. ಅಪ್ಪು, ಡೈರಿಗೆ ಹಾಲು ಹಾಕುವವನು.

"ಯಾರ್ ಮನೇಲಿ ನರ್ಸಮ್ಮ? ಅತ್ತಿ, ಅತ್ತಿ ಬೇಗ!" ಎಂದು ಹಿಂದಿನ ಸೀಟು ತಟ್ಟಿದ.

"ಯಾರ್ ಮನೇಲೂ ಇಲ್ಲ ಕಣಪ್ಪ. ಸುಮ್ನೆ ಓಡ್ತಾ ಇವ್ನಿ."

"ಸುಮ್ನೆ ಯಾರಾರ ಓಡ್ತಾರಾ? ಅತ್ತಿ ಅಂದ್ರೆ."

ನಮ್ಮ ಕಡೆ ಇದೊಂದು ದೊಡ್ಡ ಸಂಕಟ. ದಾರಿಯಲ್ಲಿ ಹಿರಿಯರು ನಡೆಯುವುದು ಕಂಡರೆ ಗಾಡಿ ನಿಲ್ಲಿಸಲೇಬೇಕು. ನಿಲ್ಲಿಸಿದ ಮೇಲೆ ಅವರು ಹತ್ತಲೇಬೇಕು. ಬೇಡ ಅಂದರೆ, ನನ್ನ ಗಾಡಿ ಇವರಿಗೆ ಆಗದೋ, ನಾನು ಆಗದೋ ಎಂದು ಮುಖ ಊದಿಸಿಕೊಂಡು, ಮುಂದಿನ ಮದುವೆಗೆ ಕರೆಯುವುದನ್ನೂ ಮರೆತುಬಿಡುತ್ತಾರೆ. ಶಿವನಂಜಮ್ಮ ಹತ್ತಿದಳು. ಇಳಿದು ಮತ್ತೆ ಓಡಿದಳು. ಆಲೆಮನೆ ಹತ್ತಿರ ಇನ್ನೊಂದು ಸ್ಕೂಟರು, ಮರುದಿನ ಒಂದು ಆಟೋ, ಅದರ ಮರುದಿನ ಶಿವರಾಜುವಿನ ಕಬ್ಬಿನ ಟ್ರ್ಯಾಕ್ಟರು. ವಾರ ಕಳೆಯುವಷ್ಟರಲ್ಲಿ ಅವಳು ಓಡಿದ್ದಕ್ಕಿಂತ ಸವಾರಿ ಮಾಡಿದ್ದೇ ಹೆಚ್ಚಾಯಿತು. ಶೂ ಮಾತ್ರ ಹೊಸದಾಗಿಯೇ ಉಳಿಯಿತು.

ಸೋಮವಾರ ಶಿವರಾಜು ಮತ್ತೆ ಟ್ರ್ಯಾಕ್ಟರು ನಿಲ್ಲಿಸಿದ. ಇವಳು ಬೇಡ ಅಂದಳು. ಅವನ ಮುಖ ಕೆಂಪಾಯಿತು.

"ಯಾಕಕ್ಕ, ನಮ್ಮಪ್ಪ ಜವರಯ್ಯ ಇದ್ದಾಗ ನಮ್ ಗಾಡೀಲಿ ಕೂತೇ ಇರ್ಲಿಲ್ವಾ? ಈಗ ನಾವು ಬ್ಯಾಡ್ವಾದ್ವಾ?"

ಆ ಮಾತಿಗೆ ಏನು ಹೇಳುವುದು? ಎದುರಿಗೆ ವೈದ್ಯನಾಥೇಶ್ವರನ ಗುಡಿಯ ದಾರಿ ಕಾಣುತ್ತಿತ್ತು. ನಾಲಿಗೆ ತಾನಾಗಿ ಹೊರಳಿತು. "ಹರಕೆ ಕಣೋ ಶಿವರಾಜು. ಸೋಮವಾರ ಸೋಮವಾರ ವೈದ್ಯನಾಥೇಶ್ವರಂಗೆ ಓಡ್ಕೊಂಡೇ ಬತ್ತೀನಿ ಅಂತ ಅಂದ್ಕೊಂಡಿವ್ನಿ. ಗಾಡಿ ಹತ್ತಂಗಿಲ್ಲ."

ಶಿವರಾಜು ಇಂಜಿನ್ನು ಆಫ್ ಮಾಡಿ, ಕೆಳಗಿಳಿದು, ಕೈ ಮುಗಿದ. "ಮೊದ್ಲೇ ಏಳ್ಬಾರ್ದಾ ನಂಜಕ್ಕ! ತೆಪ್ಪಾಯ್ತು ಬುಡು."

ಅಂದಿನಿಂದ ರಸ್ತೆ ಅವಳದಾಯಿತು. ಸೋಮವಾರ ಬಂತೆಂದರೆ ಬೈಕುಗಳು ಪಕ್ಕಕ್ಕೆ ಸರಿಯುತ್ತಿದ್ದವು. ಶಿವರಾಜುವಿನ ಮನೆಯಿಂದ ಮಜ್ಜಿಗೆ ಬರುತ್ತಿತ್ತು. ಬೇರೆ ದಿನ ಓಡಿದರೂ, ಹರಕೆಗೆ ಅಭ್ಯಾಸ ಮಾಡ್ತಾವ್ರೆ ಎಂದು ಜನ ತಾವೇ ಅರ್ಥ ಹೇಳಿಕೊಂಡರು. ಶಿಂಷಾ ನದಿಯ ಕಡೆಯಿಂದ ಬೀಸುವ ಗಾಳಿ, ಕಬ್ಬಿನ ಗರಿಯ ಸದ್ದು, ತನ್ನದೇ ಉಸಿರು. ದಿನದಿಂದ ದಿನಕ್ಕೆ ಮೈ ಹಗುರಾಯಿತು. ಅವಳಿಗೆ ಎಷ್ಟು ಸಂತೋಷವಾಗಿತ್ತೆಂದರೆ, ಸುಳ್ಳು ಹೇಳಿದ್ದು ಮರೆತೇಹೋಯಿತು.

ಆದರೆ ಮೂರನೆಯ ಸೋಮವಾರ ಮಾಯಮ್ಮ ತನ್ನ ಮನೆ ಬಾಗಿಲಲ್ಲಿ ಕಾದು ನಿಂತಿದ್ದಳು. ಊರಿನ ಹಿರಿ ಮುದುಕಿ, ಬಾಯಿ ಮಾತ್ರ ಇನ್ನೂ ಪ್ರಾಯದ್ದು. ಕೈಯಲ್ಲಿ ತೆಂಗಿನಕಾಯಿ.

"ನನ್ ಮಂಡಿ ನೋವ್ಗೂ ಒಂದ್ ಕಾಯಿ ಒಡ್ಸ್‌ಬುಡು ನಂಜಿ. ನಂಗೆ ಓಡಕ್ಕಾದ್ರೆ ನಾನೇ ಓಡ್ತಿದ್ದೆ."

ಒಬ್ಬರು ಕೊಟ್ಟ ಮೇಲೆ ಇನ್ನೊಬ್ಬರು ಬಿಡುತ್ತಾರೆಯೇ? ಮುಂದಿನ ವಾರಗಳಲ್ಲಿ ಕಾಯಿ, ಕರ್ಪೂರ, ಊದುಬತ್ತಿ ಎಲ್ಲ ಸೇರಿ ಬೆನ್ನಿಗೆ ಒಂದು ಚೀಲವೇ ಆಯಿತು. ಓಡುವಾಗ ಕಾಯಿಗಳು ಬೆನ್ನಿಗೆ ಗುದ್ದುತ್ತಿದ್ದವು. ಗುಡಿಯಲ್ಲಿ ಒಂದೊಂದಕ್ಕೂ ಕೊಟ್ಟವರ ಹೆಸರು ಹೇಳಿ ತಪ್ಪದೆ ಪೂಜೆ ಮಾಡಿಸುತ್ತಿದ್ದಳು. ರಾಜೇಂದ್ರನಿಗೆ ನಗುವೋ ನಗು. "ಓಡೋದು ನೀನು, ಪುಣ್ಯ ಊರ್ಗೆಲ್ಲ. ನಂಗೂ ಒಸಿ ಬುಡು."

ಹೀಗೇ ನಡೆದಿದ್ದರೆ ನಗುತ್ತಲೇ ಇರಬಹುದಿತ್ತು. ಒಂದು ಮಧ್ಯಾಹ್ನ ಮಳವಳ್ಳಿಯಿಂದ ಚಂದನಳ ಫೋನು ಬಂತು. ಊಟ ಆಯಿತಾ ಎಂದು ಕೇಳಲಿಲ್ಲ.

"ಅಮ್ಮ, ನನಗೆ ಮಗು ಆಗಲಿ ಅಂತ ಹರಕೆ ಹೊತ್ತು ಓಡ್ತಿದ್ದೀಯಂತೆ?"

ಹರಕೆ ಅಂದ ಮೇಲೆ ಅದಕ್ಕೊಂದು ಕಾರಣ ಇರಲೇಬೇಕಲ್ಲ. ಅವಳು ಹೇಳಿರಲಿಲ್ಲ, ಊರು ತಾನೇ ತುಂಬಿಕೊಂಡಿತ್ತು. ಮಗಳಿಗೆ ಮದುವೆಯಾಗಿ ವರ್ಷಗಳಾದವು, ತೊಟ್ಟಿಲು ಕಟ್ಟಲಿಲ್ಲ, ತಾಯಿ ಓಡುತ್ತಿದ್ದಾಳೆ. ಇದಕ್ಕಿಂತ ಸಲೀಸಾದ ಲೆಕ್ಕ ಇನ್ಯಾವುದು? ಆ ಮಾತು ನೆಂಟರ ಬಾಯಿಂದ ಬಾಯಿಗೆ ಹೋಗಿ ಮಳವಳ್ಳಿಯಲ್ಲಿ ಚಂದನಳ ಅತ್ತೆ ಮಂಗಳಮ್ಮನ ಕಿವಿಗೆ ಬಿದ್ದಿತ್ತು.

"ಅತ್ತೆ ಕಣ್ಣೀರು ಹಾಕ್ಕೊಂಡು ಕೇಳಿದ್ರು, ಏನಾಗಿದೆ ನಿನಗೆ, ಯಾಕೆ ನನ್ನಿಂದ ಮುಚ್ಚಿಟ್ಟೆ ಅಂತ. ಹೋದ ವರ್ಷ ಮೂರು ತಿಂಗಳ ಬಸಿರು ಹೋಯ್ತಲ್ಲ, ಅದನ್ನ ನಾನು ನಿನಗೊಬ್ಬಳಿಗೆ ಹೇಳಿದ್ದೆ. ನಿನಗೊಬ್ಬಳಿಗೇ."

"ನಾನು ಯಾರ್ಗೂ ಹೇಳಿಲ್ಲ ಕಣೆ ಚಂದೂ. ದೇವ್ರಾಣೆ—"

"ದೇವರನ್ನ ಬಿಡು" ಎಂದು ಅವಳು ಫೋನು ಇಟ್ಟಳು.

ಶಿವನಂಜಮ್ಮ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತಳು. ಎಷ್ಟು ಹೆಣ್ಣುಮಕ್ಕಳ ಎಷ್ಟು ಗುಟ್ಟುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಸರ್ವಿಸ್ ಮುಗಿಸಿದ್ದಳು! ಒಂದೂ ಬಾಯಿ ದಾಟಿರಲಿಲ್ಲ. ಈಗ ಹೆತ್ತ ಮಗಳ ಸಂಕಟವನ್ನೇ ಚೀಲದ ಕಾಯಿಗಳ ಜೊತೆ ಊರೂರು ಹೊತ್ತು ಓಡಿದಂತಾಗಿತ್ತು.

ರಾಜೇಂದ್ರ ಪಕ್ಕದಲ್ಲಿ ಬಂದು ನಿಂತ. ಈ ಸಲ ತಮಾಷೆ ಮಾಡಲಿಲ್ಲ. "ಅರ್ಕೆ ತೀರ್ತು ಅಂದ್ಬುಟ್ಟು ನಿಲ್ಸ್‌ಬುಡು. ಅಲ್ಲಿಗೆ ಮುಗೀತು."

"ಎಲ್ಲಿ ಮುಗೀತದೆ? ತೀರ್ತು ಅಂದ್ರೆ ಚಂದನ ಬಸುರಿ ಅಂತ ನಾಳೆ ಬೆಳಿಗ್ಗೇನೆ ಮಡ್ಲಕ್ಕಿ ತತ್ತಾರೆ."

ಓಡುತ್ತಿದ್ದರೆ ಒಂದು ಮಾತು, ನಿಲ್ಲಿಸಿದರೆ ಇನ್ನೊಂದು ಮಾತು. ಉಳಿದ ದಾರಿ ಒಂದೇ, ಇದ್ದದ್ದು ಇದ್ದಹಾಗೆ ಹೇಳುವುದು. ದೇವರ ಹೆಸರಿನಲ್ಲಿ ಸುಳ್ಳು ಹೇಳಿದೆ ಎಂದು ಒಪ್ಪಿಕೊಳ್ಳುವುದು ಅವಳಿಗೆ ಅಷ್ಟು ಕಷ್ಟವಾಗಿ ಕಾಣಲಿಲ್ಲ. ಈ ವಯಸ್ಸಿನ ಹೆಂಗಸು ಬರೀ ಖುಷಿಗೆ ಓಡುತ್ತಾಳೆ ಎಂದು ಹೇಳಬೇಕಲ್ಲ, ಅದಕ್ಕೆ ನಾಚಿಕೆಯಾಗುತ್ತಿತ್ತು.

ಸೋಮವಾರ ಬೆಳಿಗ್ಗೆ ಚೀಲವಿಲ್ಲದೆ ಡೈರಿಯ ಮುಂದೆ ಹೋಗಿ ನಿಂತಳು. ಹಾಲು ಹಾಕುವ ಹೊತ್ತು, ಊರೆಲ್ಲ ಅಲ್ಲೇ. ಮಾಯಮ್ಮನೂ ಕೋಲೂರಿಕೊಂಡು ಚೊಂಬು ಹಿಡಿದು ಬಂದಿದ್ದಳು.

"ಒಸಿ ಎಲ್ರೂ ಕೇಳಿ. ನಂದು ಯಾವ ಹರಕೇನೂ ಅಲ್ಲ. ಗಾಡಿ ಹತ್ತು ಹತ್ತು ಅಂತ ಎಲ್ರೂ ಎಳೀತಿದ್ರಲ್ಲ, ತಪ್ಪುಸ್ಕೊಳಕ್ಕೆ ಸುಳ್ಳು ಹೇಳ್ದೆ. ತಪ್ಪಾಯ್ತು."

ಹಾಲು ಅಳೆಯುತ್ತಿದ್ದ ಕೈ ನಿಂತಿತು. ಮೊದಲು ಬಾಯಿ ಬಿಟ್ಟವನು ಶಿವರಾಜು. "ಅಲ್ಲಾ ನಂಜಕ್ಕ, ವಾರ ವಾರ ಮಜ್ಗೆ ಕೊಟ್ನಲ್ಲ ನಾನು! ಮತ್ಯಾಕೆ ಓಡ್ತಿದ್ದೆ?"

"ಓಡಿದ್ರೆ ನಂಗೆ ಸಂತೋಷ ಆಯ್ತದೆ ಕಣಪ್ಪ. ಅಷ್ಟೇ." ಮುಖ ಬಿಸಿಯಾಯಿತು. ಆದರೂ ಮುಂದಿನದನ್ನು ತಡೆದುಕೊಳ್ಳದೆ ಹೇಳಿದಳು. "ಇನ್ನೊಂದು ಮಾತು. ನನ್ನ ಕಾಲ್ಗೂ ನನ್ ಮಗಳ ಸಂಸಾರಕ್ಕೂ ಸಂಬಂಧ ಇಲ್ಲ. ನಿಮ್ಮ ಮನೆ ಹೆಣ್ಮಕ್ಕಳ ವಿಷ್ಯ ನಾನು ಯಾವತ್ತಾರ ಇನ್ನೊಂದು ಮನೇಲಿ ಆಡಿದ್ದೀನಾ? ನನ್ ಮಗಳ ಹೆಸ್ರು ಇನ್ಮೇಲೆ ಯಾರೂ ಎತ್ಬೇಡಿ. ಕೈ ಮುಗೀತೀನಿ."

ಕೆಲವು ಹೆಂಗಸರು ತಲೆ ತಗ್ಗಿಸಿದರು. ಅವರಿಗೆ ತಮ್ಮ ತಮ್ಮ ಕಥೆ ನೆನಪಾಗಿರಬೇಕು. ಕೊನೆಗೆ ಮಾಯಮ್ಮ ಕೋಲು ಕುಟ್ಟಿದಳು.

"ನನ್ ಕಾಯಿ ಒಡ್ಸ್‌ದೋ ಇಲ್ವೋ?"

"ಒಡ್ಸ್‌ದೆ ಕಣವ್ವ. ನಿನ್ನ ಹೆಸ್ರು ಹೇಳೇ ಒಡ್ಸ್‌ದೆ."

"ಮತ್ತಿನ್ನೇನು. ನಿಂದು ಸುಳ್ಳಾದ್ರೆ ನಂದು ಸುಳ್ಳಾಗ್ಬುಡ್ತದಾ? ಓಗು, ಓಡೋಗು."

ಅವಳು ಅಂದೂ ಓಡಿದಳು. ಬೆನ್ನ ಮೇಲೆ ಭಾರವಿರಲಿಲ್ಲ. ಮಜ್ಜಿಗೆಯೂ ಬರಲಿಲ್ಲ. ಬೈಕಿನವರು ನಿಧಾನ ಮಾಡಿ, ಮುಖ ನೋಡಿ ಮುಂದೆ ಹೋದರು. ಗುಡಿಯಲ್ಲಿ ಕೈ ಮುಗಿದು ನಿಂತಾಗ ಬೇಡಿಕೊಳ್ಳಲು ಏನೂ ತೋಚಲಿಲ್ಲ. ಸಂಜೆ ಚಂದನಳಿಗೆ ಫೋನು ಮಾಡಿ ಡೈರಿಯ ಮುಂದೆ ಆಡಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಆ ಕಡೆಯಿಂದ "ಸರಿ" ಎಂದು ಒಂದೇ ಮಾತು.

ದಿನಗಳು ಹೋದವು. ಒಂದು ಭಾನುವಾರ ಸಂಜೆ ಚಂದನ ಹೇಳದೆ ಕೇಳದೆ ಬಸ್ಸಿಳಿದು ಬಂದಳು. ಮನೆಯೊಳಗೆ ಕಾಲಿಟ್ಟವಳು ತಂತಿಯ ಮೇಲೆ ಒಣಗುತ್ತಿದ್ದ ಚೂಡಿದಾರ್ ನೋಡಿದಳು.

"ಇದು ನಂದಲ್ವಾ? ಏನಮ್ಮ ಇದು, ಪಕ್ಕ ಎಲ್ಲ ಬಿಚ್ಚಿದ್ದೀಯ."

"ನಿನ್ನ ಅಳತೆಗೆ ನಾನೆಲ್ಲಿ ಹಿಡೀತೀನೆ?"

ಚಂದನ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಅದನ್ನು ಮಡಚಿ ತಾಯಿಯ ಕೈಗೆ ಕೊಟ್ಟಳು. ಅತ್ತೆಯ ಮಾತನ್ನಾಗಲಿ, ಹರಕೆಯ ಮಾತನ್ನಾಗಲಿ ತೆಗೆಯಲಿಲ್ಲ. ಮುದ್ದೆ ಉಂಡು ಬೇಗ ಮಲಗಿದಳು.

ಬೆಳಿಗ್ಗೆ ಶಿವನಂಜಮ್ಮ ಶೂ ಕಟ್ಟುವಾಗ, ಮಗಳು ಹಳೆಯ ಕ್ಯಾನ್ವಾಸ್ ಶೂ ಹುಡುಕಿ ತಂದು ಪಕ್ಕದಲ್ಲೇ ಕೂತಳು. ಇಬ್ಬರೂ ಬೀದಿಗಿಳಿದರು. ತಾಯಿಯ ಎದೆ ಓಡುವ ಮೊದಲೇ ಬಡಿದುಕೊಳ್ಳುತ್ತಿತ್ತು. ಮಾಯಮ್ಮನ ಮನೆ ದಾಟಬೇಕು. ಮುದುಕಿ ಬಾಗಿಲಲ್ಲೇ ಕೂತಿದ್ದಾಳೆ. ಕಂಡದ್ದನ್ನೆಲ್ಲ ಕೇಳಿಯೇ ಬದುಕಿದ ಬಾಯಿ ಅದು. ಒಂದು ಪ್ರಶ್ನೆ ಕೇಳಿದರೆ ಮಗಳು ಇಲ್ಲಿಂದಲೇ ಬಸ್ಸು ಹತ್ತುತ್ತಾಳೆ.

ಮಾಯಮ್ಮ ತಲೆ ಎತ್ತಿದಳು. ಚಂದನಳನ್ನು ಮುಖದಿಂದ ಕಾಲಿನವರೆಗೆ ನೋಡಿದಳು. ಬಾಯಿ ತೆರೆದಳು.

ಮುದುಕಿ ತೆರೆದ ಬಾಯಿಯನ್ನು ಒಮ್ಮೆ ಮುಚ್ಚಿದಳು. ಆಮೇಲೆ, "ಮೆಲ್ಗೆ ಓಗ್ರವ್ವ" ಅಂದಳು. "ಆಲೆಮನೆತಾವ ರಸ್ತೆ ಗುಂಡಿ ಬಿದ್ದದೆ."

ಶಿವನಂಜಮ್ಮನ ಕಣ್ಣು ತುಂಬಿತು. ಮಗಳಿಗೆ ಕಾಣದಿರಲೆಂದು ಕಬ್ಬಿನ ಗದ್ದೆಯ ಕಡೆ ಮುಖ ತಿರುಗಿಸಿದಳು. ತಿರುವು ದಾಟುತ್ತಿದ್ದಂತೆ ಎದುರಿಗೆ ಅಪ್ಪುವಿನ ಬೈಕು ಬಂತು. ಇಬ್ಬರನ್ನೂ ನೋಡಿ ಹಳೆಯ ಅಭ್ಯಾಸಕ್ಕೆ ಬ್ರೇಕು ಹಾಕಿದ.

"ಏನಾಯ್ತು ನರ್ಸಮ್ಮ? ಎಲ್ಗೆ?"

"ಏನೂ ಆಗಿಲ್ಲ ಅಣ್ಣ, ಸುಮ್ನೆ" ಎಂದಳು ಚಂದನ, ಮತ್ತು ತಾಯಿಯ ಕೈ ಹಿಡಿದು ಎಳೆದು ಓಡತೊಡಗಿದಳು.