ರೈಲು ಕೂಗಿದ ಮೇಲೆ ಕಳಿಸಿ

ಆ ವಾರ ನಾನು ಕುಣಿದದ್ದು ಮೂರು ಸಲ. ಎರಡು ಸಲ ಸುಮ್ಮಸುಮ್ಮನೆ, ಮೂರನೆಯ ಸಲ ಸರಿಯಾಗಿ.

ರಾಬರ್ಟ್‌ಸನ್‌ಪೇಟೆಯ ಒಂದು ಬಟ್ಟೆ ಅಂಗಡಿಯ ಮೇಲೆ ನನ್ನ ಆಫೀಸು. ಒಂದು ಕೋಣೆ, ಒಂದು ಲ್ಯಾಪ್‌ಟಾಪು, ಕಿರುಗುಟ್ಟುವ ಫ್ಯಾನು. ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲಿ ಹಾಲು ಕೊಳ್ಳುವವರಿಗೆ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಬೆಳಿಗ್ಗೆ ಹಾಲು ಅಳೆದು ಮುಗಿದ ಮೇಲೆ ಡೈರಿಯವರು ತಮ್ಮ ಮೊಬೈಲಿನಲ್ಲಿ ‘ಕಳಿಸು’ ಒತ್ತಿದರೆ ಸಾಕು. ಹಾಲು ಹಾಕಿದ ಪ್ರತಿಯೊಬ್ಬರಿಗೂ ಎಷ್ಟು ಲೀಟರು, ಎಷ್ಟು ಫ್ಯಾಟು ಎಂದು ಮೆಸೇಜು ಹೋಗಬೇಕು. ಅದನ್ನು ತಲುಪಿಸುವುದು ಎಲ್ಲೋ ಕೂತಿರುವ ಒಂದು ಕ್ಲೌಡ್ ಸೇವೆ. ಮೊದಮೊದಲು ಚೆನ್ನಾಗಿಯೇ ನಡೆಯಿತು. ಆ ತಿಂಗಳು ಇನ್ನಷ್ಟು ಹಳ್ಳಿಗಳು ಸೇರಿದ ಮೇಲೆ ಎಡವಟ್ಟು ಶುರುವಾಯಿತು.

ಸೋಮವಾರ ಒಂದು ಡೈರಿಯ ಅಕ್ಕ ಫೋನ್ ಮಾಡಿದರು. ಹಾಲು ಅಳೆಯುವುದು, ಫ್ಯಾಟು ನೋಡುವುದು, ಎಲ್ಲ ಅವರದೇ ಕೆಲಸ. ಎತ್ತಿದ ಕೂಡಲೇ ಬೈಗುಳ.

“ನಿನ್ ಮೆಷಿನ್ ನನ್ ಮರ್ವಾದೆ ತೆಗೀತೈತೆ ಕಣಮ್ಮಾ! ಅರ್ಧ ಜನಕ್ಕೆ ಮೆಸೇಜೇ ಬತ್ತಿಲ್ಲ. ಫ್ಯಾಟ್ ಕಮ್ಮಿ ಬರ್ದು ಮುಚ್ಚಾಕ್ತಾಳೆ ಅಂತಾವ್ರೆ. ಅದ್ರ ಮೇಲೆ ಪಕ್ಕದ್ಮನೆಯವ್ಳು ನನ್ ಮೊಬೈಲ್‌ನಾಗೆ ಇಣುಕಿ, ನೋಡ್ರೇ, ಮೆಷಿನ್ನೇ ಇವಳ್ನ ಫೋರ್ ಟ್ವೆಂಟಿ ಅಂತೈತೆ ಅಂತ ಊರೆಲ್ಲಾ ಸಾರವ್ಳೆ! ಶುಕ್ರವಾರ ಮೀಟಿಂಗ್ ಇಟ್ಟವ್ರೆ, ನನ್ನ ತೆಗ್ಯೋಕೆ.”

ನನಗೆ ನಗು ಬಂತು, ತಕ್ಷಣ ನಾಚಿಕೆಯೂ ಆಯಿತು. ಪರದೆಯ ಮೇಲೆ ಬಂದದ್ದು ನಾನೂರ ಇಪ್ಪತ್ತಲ್ಲ, ನಾನೂರ ಇಪ್ಪತ್ತೊಂಬತ್ತು. ಕ್ಲೌಡ್ ಸೇವೆಯವರ ಭಾಷೆಯಲ್ಲಿ ಅದಕ್ಕೆ ‘ಬೇಗಬೇಗ ಕೇಳುತ್ತಿದ್ದೀರಿ, ಸ್ವಲ್ಪ ತಡೆಯಿರಿ’ ಎಂದು ಅರ್ಥ. ಸೆಕೆಂಡಿಗೆ ಇಷ್ಟೇ ಮೆಸೇಜು ಎಂದು ಅವರದೊಂದು ಮಿತಿ. ಅದನ್ನು ಮೀರಿದವರನ್ನೆಲ್ಲ ಬಾಗಿಲಲ್ಲೇ ವಾಪಸು ಕಳಿಸುತ್ತಾರೆ. ಆದರೆ ಅಷ್ಟೊಂದು ಅವಸರ ಮಾಡುತ್ತಿದ್ದವರು ಯಾರು? ಇಡೀ ದಿನದ್ದು ಕೂಡಿದರೂ ನಮ್ಮ ಮೆಸೇಜುಗಳು ಅಂಥ ಹೆಚ್ಚೇನಲ್ಲ.

ಯಾವ ಮೆಸೇಜು ಯಾವಾಗ ಹೋಯಿತು ಎಂಬ ದಾಖಲೆ ತೆರೆದು ಕೂತೆ. ನನ್ನ ಪ್ರೋಗ್ರಾಂ ಮೂರ್ಖತನ ಮಾಡುತ್ತಿತ್ತು. ಬಾಗಿಲು ಮುಚ್ಚಿದ ಮರುಗಳಿಗೆಯೇ ಮತ್ತೆ ತಳ್ಳುತ್ತಿತ್ತು, ಮೂರು ಸಲ ತಳ್ಳಿ ಕೈಬಿಡುತ್ತಿತ್ತು. ಸಿಕ್ಕಿಬಿಟ್ಟಿತು ಎಂದು ಕುಣಿದೆ. ಎರಡು ಸೆಕೆಂಡು ಕಾದು ತಳ್ಳು ಎಂದು ತಿದ್ದಿದೆ. ಮಂಗಳವಾರ ಅಷ್ಟೂ ಮೆಸೇಜುಗಳು ಶಿಸ್ತಾಗಿ ಎರಡು ಸೆಕೆಂಡು ಕಾದು, ಮತ್ತೆ ಒಟ್ಟಿಗೇ ನುಗ್ಗಿದವು.

ಬುಧವಾರ, ಮೆಸೇಜು ತಲುಪದ ಹಳ್ಳಿಗಳನ್ನು ನಕ್ಷೆಯ ಮೇಲೆ ಕೆಂಪಗೆ ಗುರುತು ಮಾಡಿದೆ. ಗೆರೆ ಎಳೆದಂತೆ ಸಾಲಾಗಿ ನಿಂತವು! ಆ ಕಡೆಯ ಟವರು ಕೆಟ್ಟಿದೆ ಎಂದು ಮತ್ತೆ ಕುಣಿದೆ. ಆಮೇಲೆ ಬುದ್ಧಿ ಬಂತು. ಟವರು ಕೆಟ್ಟಿದ್ದರೆ ಮೆಸೇಜು ಕ್ಲೌಡ್ ಸೇವೆಯ ಬಾಗಿಲ ತನಕ ಹೋಗುವುದಾದರೂ ಹೇಗೆ? ಇನ್ನೊಂದು ವಿಚಿತ್ರ, ನೂಕುನುಗ್ಗಲು ಸೋಮವಾರ ಏಳು ಹನ್ನೆರಡಕ್ಕೆ, ಮಂಗಳವಾರ ಏಳೂವರೆಗೆ, ಬುಧವಾರ ಏಳು ಒಂಬತ್ತಕ್ಕೆ. ಗಡಿಯಾರ ನೋಡಿ ನಡೆಯುವ ಯಂತ್ರ ಹೀಗೆ ಅಲೆಯುವುದಿಲ್ಲ. ಒಬ್ಬರ ಮುಖ ಒಬ್ಬರಿಗೆ ಕಾಣದ ಅಷ್ಟು ಡೈರಿಯವರು ದಿನಕ್ಕೊಂದು ಹೊತ್ತಿನಲ್ಲಿ, ಅದೂ ಒಟ್ಟಿಗೆ, ಒತ್ತುತ್ತಿದ್ದರು. ತಲೆ ಕೆಟ್ಟುಹೋಯಿತು.

ಗುರುವಾರ ಬೆಳಿಗ್ಗೆ ಸ್ಕೂಟರ್ ಹತ್ತಿ ಅಕ್ಕನ ಡೈರಿಗೇ ಹೋದೆ. ಕೊನೆಯ ಕ್ಯಾನು ಅಳೆದಾಗಿತ್ತು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಮೊಬೈಲ್ ಹಿಡಿದು ಕೂತರು. ಒತ್ತಲಿಲ್ಲ.

“ಒತ್ತಿ ಅಕ್ಕ.”

“ಇರಮ್ಮಾ, ರೈಲು ಕೂಗ್ಲಿ.”

“ರೈಲಿಗೂ ಮೆಸೇಜಿಗೂ ಏನಕ್ಕ ಸಂಬಂಧ?”

ಅವರು ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದರು. “ನೀನೇ ಏಳಿದ್ಯಲ್ಲ ಟ್ರೈನಿಂಗ್ ದಿನ. ರೈಲು ಕೂಗಿದ್ಮೇಲೆ ಕಳ್ಸಿ ಅಂತ.”

ಹೌದು, ಹೇಳಿದ್ದೆ. ಎಷ್ಟೊತ್ತಿಗೆ ಕಳಿಸಬೇಕು ಎಂದು ಯಾರೋ ಕೇಳಿದ್ದರು. ನಾನು ಕೆಜಿಎಫ್ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನವಳು. ನಮ್ಮಮ್ಮ ಗಣಿಯ ಸೈರನ್ ಕೇಳಿ ಒಲೆ ಹಚ್ಚಿದವರು, ಗಣಿ ಮುಚ್ಚಿದ ಮೇಲೆ ರೈಲಿನ ಕೂಗಿಗೆ ಅನ್ನಕ್ಕಿಟ್ಟವರು. ಅದೇ ಬಾಯಿಗೆ ಬಂದಿತ್ತು. ಅಷ್ಟು ಹೊತ್ತಿಗೆ ಎಲ್ಲರ ಹಾಲೂ ಬಂದಿರುತ್ತದೆ ಎಂಬುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಹಳಿಯ ಪಕ್ಕದ ಹಳ್ಳಿಗಳು ಅದನ್ನು ಅಕ್ಷರಶಃ ಪಾಲಿಸಿದ್ದವು. ಕೂಗು ಕೇಳಿಸದ ದೂರದ ಹಳ್ಳಿಗಳು ತಮಗೆ ತೋಚಿದಾಗ ಕಳಿಸಿ ಪಾರಾಗಿದ್ದವು.

ಅಷ್ಟರಲ್ಲಿ ರೈಲು ಕೂಗಿತು. ಅಕ್ಕ ಒತ್ತಿದರು. ಹಳಿಯುದ್ದಕ್ಕೂ, ಒಂದು ಊರಿನ ಮೆಸೇಜು ಮುಗಿಯುವ ಮೊದಲೇ ಇನ್ನೊಂದು ಊರಿನ ಬೆರಳು ಗುಂಡಿಯ ಮೇಲೆ ಬಿತ್ತು. ನಾನು ಕ್ಯಾನುಗಳ ನಡುವೆ ಕುಣಿದೆ. “ಸಿಕ್ತು! ಕಿಡಚಿರ್ಚು! ದೊರಿಕಿಂದಿ!” ಕೆಜಿಎಫ್‌ನವರಿಗೆ ಖುಷಿಯಾದರೆ ಒಂದು ಭಾಷೆ ಸಾಲದು.

“ಉಚ್ಚು ಇಡೀತೇನಮ್ಮಾ ನಿಂಗೆ?” ಎಂದರು ಅಕ್ಕ.

ಸಂಜೆಯೊಳಗೆ ತಿದ್ದಿದೆ. ಅಪ್ಪ ಗಣಿಗೆ ಇಳಿಯುತ್ತಿದ್ದ ಲಿಫ್ಟಿನ ತೊಟ್ಟಿಲಿನ ಹಾಗೆ: ಒಂದು ಸಲಕ್ಕೆ ಹಿಡಿಸುವಷ್ಟೇ ಜನ, ಉಳಿದವರು ಸಾಲಿನಲ್ಲಿ. ಎಲ್ಲ ಮೆಸೇಜೂ ಮೊದಲು ಒಂದು ಸಾಲಿಗೆ ಬರಬೇಕು, ಅಲ್ಲಿಂದ ಮಿತಿಯೊಳಗೆ ಹೊರಡಬೇಕು. ಯಾರೂ ರೈಲಿಗೆ ಕಾಯುವುದನ್ನು ಬಿಡಬೇಕಿಲ್ಲ.

ಶುಕ್ರವಾರ ಡೈರಿಯ ಮುಂದೆ ಇಡೀ ಊರು. ರೈಲು ಕೂಗಿತು, ಅಕ್ಕ ಒತ್ತಿದರು. ಒಂದು ಮೊಬೈಲ್ ಗುಣುಗುಟ್ಟಿತು, ಇನ್ನೊಂದು, ಮತ್ತೊಂದು. ಪಕ್ಕದ ಮನೆಯಾಕೆಯದು ಮಾತ್ರ ಸುಮ್ಮನಿತ್ತು. ಆಕೆ ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಅಕ್ಕ ಅಂದಿನ ಲೆಕ್ಕದ ಪುಸ್ತಕ ತೆರೆದು ಮುಂದಿಟ್ಟರು.

ಆಗ ಎತ್ತಿದ ಕೈಯಲ್ಲೇ ಅದು ಗುಣುಗುಟ್ಟಿತು. ಆಕೆ ಓದಿದಳು, ಅಕ್ಕನ ಪುಸ್ತಕದಲ್ಲಿ ಬರೆದದ್ದಕ್ಕೆ ತಾಳೆ ನೋಡಿದಳು, ಮತ್ತೊಮ್ಮೆ ನೋಡಿದಳು.

“ಸರಿಗೈತೆ,” ಎಂದಳು, ನೆಲ ನೋಡುತ್ತಾ.

ಅಕ್ಕ ಪುಸ್ತಕ ಮುಚ್ಚಿದರು. ನನ್ನ ಕಡೆ ತಿರುಗಿದರು. “ಅಂಗಾದ್ರೆ ಇಷ್ಟ್ ದಿನ ಫೋರ್ ಟ್ವೆಂಟಿ ಯಾರಮ್ಮಾ?”

“ನಾನೇ ಅಕ್ಕ,” ಎಂದೆ, ಎಲ್ಲರಿಗೂ ಕೇಳುವಂತೆ.