ಅಕ್ಕನ ಕೋಣೆಗೆ ಒಲೆ

ಬೀದಿಯ ಜನರೆಲ್ಲ ಅವನನ್ನು ಬೀಗದಣ್ಣ ಎಂದೇ ಕರೆಯುತ್ತಿದ್ದರು. ಬಸ್ ನಿಲ್ದಾಣದ ಗೋಡೆಗೆ ಅಂಟಿಕೊಂಡಿದ್ದ ಅವನ ಅಂಗಡಿಯಲ್ಲಿ ಅವನು ಕೂತರೆ ಬಂದವರು ಹೊರಗೇ ನಿಲ್ಲಬೇಕು, ಅಷ್ಟೇ ಜಾಗ. ಕೀಲಿಕೈ ಕಳೆದುಕೊಂಡವರು, ಬಾಗಿಲು ಎಳೆದುಕೊಂಡು ಹೊರಗೆ ಬಂದು ಪೆಚ್ಚುಮೋರೆ ಹಾಕಿ ನಿಂತವರು, ಎಲ್ಲರಿಗೂ ಅವನೇ ಗತಿ. ಬೀಗವನ್ನು ಕಿವಿಗೆ ಹಿಡಿದು, ತಂತಿಯಿಂದ ಅದರ ಹೊಟ್ಟೆ ಕೆದಕಿ, "ಬಂತು ನೋಡಿ" ಎನ್ನುತ್ತಿದ್ದ. ಈ ಕೈಚಳಕದ ಜೊತೆಗೆ ಒಂದು ಕೆಟ್ಟ ಚಾಳಿಯೂ ಅವನಿಗೆ ಅಂಟಿತ್ತು. ನಲ್ಲಿಯಿರಲಿ, ಸೈಕಲ್ಲಿರಲಿ, ಹೊಲಿಗೆ ಯಂತ್ರವಿರಲಿ, ಕಬ್ಬಿಣದ್ದು ಅಂದಮೇಲೆ ತನ್ನ ಮನೆಯಲ್ಲಿ ಬೇರೆಯವರ ಕೈ ತಾಗಗೊಡುತ್ತಿರಲಿಲ್ಲ.

ತಾಯಿ ತೀರಿಕೊಂಡಾಗ ಅವನಿಗೆ ಇನ್ನೂ ನಡೆಯಲು ಬರುತ್ತಿರಲಿಲ್ಲ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಅವಳು ಮದುವೆಯ ಗೊಡವೆಗೇ ಹೋಗಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿ ಆಯುಷ್ಯವೆಲ್ಲ ತಣ್ಣೀರಿನಲ್ಲಿ ಕೈಯಿಟ್ಟಳು. ಕೊನೆಗೆ ಬೆರಳ ಗೆಣ್ಣುಗಳು ಊದಿ, ಹಾಸಿಗೆಯ ಚಾದರವಿರಲಿ, ಕರವಸ್ತ್ರ ಹಿಂಡುವುದೂ ಆಗದಾಯಿತು. ತಮ್ಮ ಹೋಗಿ ಅವಳನ್ನು ತನ್ನ ಮನೆಗೆ ಕರೆತಂದ. ಗಂಡ ಹೆಂಡತಿಯ ನಡುವೆ ತಾನೇಕೆ ಎಂದು ಅವಳು ಹಿಂದಿನ ಕೋಣೆಯನ್ನೇ ಹಟ ಹಿಡಿದು ತೆಗೆದುಕೊಂಡಳು. ಬಿಸಿಲು ಕಾಣದ ಕೋಣೆ ಅದು. ಗೋಡೆಯಲ್ಲಿ ಹಳೆಯ ಕಾಲದ ಇಟ್ಟಿಗೆಯ ಚಿಮಣಿಯೊಂದಿತ್ತು. ಯಾರೋ ಅದರ ಬಾಯಿಗೆ ತಗಡು ಬಡಿದು ಬಿಟ್ಟಿದ್ದರು.

"ಚಳಿ ಆಗಲ್ವೇನಕ್ಕ?" ಎಂದರೆ ಅಕ್ಕ ಕೈಗಳನ್ನು ಕಂಕುಳಿಗೆ ಸೇರಿಸಿಕೊಂಡು, "ನಾನೇನು ಹಾಲೇನೋ, ಕೆಟ್ಟುಹೋಗೋಕೆ? ತಣ್ಣಗಿದ್ದಷ್ಟೂ ಒಳ್ಳೇದು" ಎನ್ನುತ್ತಿದ್ದಳು.

ಒಂದು ದಿನ, ಕೆಡವಲಿದ್ದ ಹಳೆಯ ವಸತಿಗೃಹವೊಂದರ ಕಪಾಟುಗಳ ಬೀಗ ತೆಗೆಯಲು ಹೋದವನು ಅಲ್ಲಿಂದ ಗಿಡ್ಡ ಕಾಲಿನ ಕಬ್ಬಿಣದ ಸೌದೆ ಒಲೆಯೊಂದನ್ನು ಕೈಗಾಡಿಯಲ್ಲಿ ಎಳೆದು ತಂದ. ಜೊತೆಗೆ ತಗಡಿನ ಪೈಪುಗಳು, ಮೊಣಕೈಯಂತೆ ಬಾಗಿದ ಒಂದು ಬೆಂಡು.

"ಇದನ್ನ ಯಾರು ಕೂರಿಸ್ತಾರೆ?" ಹೆಂಡತಿ ಕೇಳಿದಳು. "ಬೀದಿ ಕೊನೇಲಿ ಮೇಸ್ತ್ರಿ ಇದ್ದಾನಲ್ಲ, ಚಿಮಣಿ ಕೆಲಸ ಅವನದ್ದೇ. ಕರೀರಿ."

"ಒಂದು ಪೈಪು ಸಿಕ್ಕಿಸೋಕೆ ಮೇಸ್ತ್ರಿ ಬೇಕೇನೇ? ಬಂದು ಚಹಾ ಕುಡಿದು, ಗೋಡೆ ತಟ್ಟಿ ಹೋಗ್ತಾನೆ ಅಷ್ಟೆ."

ರಜೆಯ ದಿನ ತೋಳು ಮಡಚಿ ಕೆಲಸಕ್ಕಿಳಿದ. ತಗಡು ಕಿತ್ತದ್ದೇ ತಡ, ಮಸಿ ಧೊಪ್ಪನೆ ಮೈಮೇಲೆ ಸುರಿಯಿತು. ಅವನ ಕಪ್ಪು ಮುಖದಲ್ಲಿ ಎರಡು ಕಣ್ಣು ಮಾತ್ರ ಪಿಳಿಪಿಳಿ ಎನ್ನುವುದನ್ನು ಕಂಡು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೈಗೆ ಸಿಕ್ಕಷ್ಟು ಮಸಿ, ಹಕ್ಕಿಗೂಡಿನ ಕಡ್ಡಿ ಬಾಚಿ ತೆಗೆದ. ನೆಲಕ್ಕೆ ಇಟ್ಟಿಗೆ ಹಾಸಿ ಒಲೆ ಇಟ್ಟ. ಪೈಪುಗಳ ಒಂದು ತುದಿ ನೆರಿಗೆ ಹಿಡಿದಂತೆ ಕಿರಿದಾಗಿತ್ತು. ಅದು ಮೇಲಿರಬೇಕೋ ಕೆಳಗಿರಬೇಕೋ ಎಂದು ಬೀಡಿ ಹಚ್ಚಿ ಯೋಚಿಸಿದ. ಹೊಗೆಯ ಜಿಡ್ಡು ಇಳಿದು ಬಂದರೆ ಒಲೆಯೊಳಗೇ ಬೀಳಲಿ, ಕಿರಿದಾದದ್ದು ಕೆಳಕ್ಕೇ ಇರಲಿ ಎಂದು ತೀರ್ಮಾನಿಸಿದ. ಅದು ಸರಿಯೇ ಇತ್ತು. ಯಾರೂ ಹೇಳಿಕೊಡದೆ ಹೊಳೆಯಿತಲ್ಲ ಎಂದು ಬೀಗಿದ. ಚಿಮಣಿಗೆ ಅಡ್ಡವಾಗಿ ಹೋಗುವ ಪೈಪು ಮಾತ್ರ ಉದ್ದವಾಯಿತು. ಗಟ್ಟಿಮುಟ್ಟಾದ ಪೈಪನ್ನು ಕೊಯ್ಯಲು ಮನಸ್ಸು ಬರಲಿಲ್ಲ. ಕೀಲಿ ಪೂರ್ತಿ ಒಳಗೆ ಹೋದರೇ ತಿರುಗುವುದು ಎಂಬುದು ಅವನ ಕೈಗೆ ಅಂಟಿದ ಪಾಠ. ಎಲ್ಲಿಗೋ ತಗುಲಿ ಠಣ್ ಎನ್ನುವವರೆಗೂ ನೂಕಿದ, ಸ್ವಲ್ಪವೇ ಹಿಂದಕ್ಕೆಳೆದ, ಸುತ್ತಲಿನ ಸಂದಿಗೆ ಜೇಡಿಮಣ್ಣು ಮೆತ್ತಿದ.

ಬೆಂಕಿ ಹಚ್ಚಿ ಬೀದಿಗೆ ಓಡಿದ. ಚಿಮಣಿಯ ತುದಿಯಿಂದ ಹೊಗೆ ಎದ್ದಿತು. "ಬಂತು ನೋಡೇ!" ಎಂದು ಕೂಗಿದ. ಆ ಸಂಜೆ ಅಕ್ಕ ಹೊದ್ದಿದ್ದ ಶಾಲು ತೆಗೆದು ಗೂಟಕ್ಕೆ ಹಾಕಿದಳು.

ಅಕ್ಕನ ಬೆರಳುಗಳು ಕೆಲವೇ ದಿನಗಳಲ್ಲಿ ಸಡಿಲವಾದವು. ಗುಂಡಿ ತಾನೇ ಹಾಕಿಕೊಂಡಳು, ತಲೆ ತಾನೇ ಬಾಚಿಕೊಂಡಳು. ಆದರೆ ಬೆಳಿಗ್ಗೆ ಏಳುವಾಗ ತಲೆ ಕಲ್ಲಿನಂತಿರುತ್ತಿತ್ತು. ಹೊಟ್ಟೆ ತೊಳಸುತ್ತಿತ್ತು. ಅಂಗಳಕ್ಕೆ ಬಂದು ಕೂತರೆ ಹಗುರಾಗುತ್ತಿತ್ತು.

"ರೀ, ನನಗೂ ಆ ಕೋಣೇಲಿ ಕೂತ್ರೆ ತಲೆ ಧಿಂ ಅನ್ನುತ್ತೆ. ಮೇಸ್ತ್ರಿಗೆ ಒಂದ್ಸಲ ತೋರ್ಸಿ," ಎಂದಳು ಹೆಂಡತಿ.

"ಕೋಣೇಲಿ ಹೊಗೆ ಕಾಣ್ತಿದ್ಯಾ? ಇಲ್ವಲ್ಲ. ನಿಮ್ಮಿಬ್ಬರಿಗೂ ಕನ್ನಡಕ ಬದಲಾಯಿಸ್ಬೇಕು."

ಅಕ್ಕನೂ ತಮ್ಮನ ಪರವೇ ನಿಂತಳು. "ಸುಮ್ಮನಿರಮ್ಮ. ಅವನು ಹಾಕಿದ್ದು ಕೆಟ್ಟಿದ್ದುಂಟಾ?"

ಆಮೇಲೆ ಗಾಳಿಯೇ ಆಡದ, ಮಂಜು ನೆಲಕ್ಕೆ ಅಂಟಿಕೊಂಡ ದಿನಗಳು ಬಂದವು. ಕೆಂಡ ಹೆಚ್ಚು ಹೊತ್ತು ಇರಲೆಂದು ಅವನು ಒಂದು ರಾತ್ರಿ ಒಲೆಯ ಗಾಳಿಕಿಂಡಿಯನ್ನು ಮುಕ್ಕಾಲು ಮುಚ್ಚಿದ. ಕಿಟಕಿಯ ಸಂದಿಗೆ ಬಟ್ಟೆ ತುರುಕಿದ. ಅಕ್ಕ ಬೆಚ್ಚಗೆ ಮಲಗಲಿ ಎಂಬ ಆಸೆಯಿಂದಲೇ ಎಲ್ಲ ಮಾಡಿದ್ದು.

ಮರುದಿನ ಬೆಳಿಗ್ಗೆ ಚಹಾದ ಲೋಟ ಹಿಡಿದು ಬಾಗಿಲು ತಳ್ಳಿದರೆ, ಅಕ್ಕ ಮಂಚಕ್ಕೂ ಒಲೆಗೂ ನಡುವೆ ಬಿದ್ದಿದ್ದಳು. ಬಾಗಿಲಿಗೆ ಬರಲು ಎದ್ದವಳಿರಬೇಕು. ಕೆನ್ನೆಗಳು ಕೆಂಪಗಿದ್ದವು. ಎಷ್ಟು ಕಳೆಯಾಗಿದ್ದಾಳೆ ಎಂದು ಒಂದು ಕ್ಷಣ ಅವನಿಗೆ ಅನ್ನಿಸಿಯೂಬಿಟ್ಟಿತು. ಮುಂದಿನ ಕ್ಷಣ ಲೋಟ ಎಲ್ಲಿ ಬಿತ್ತೋ, ಅವಳ ಕಂಕುಳಿಗೆ ಕೈಹಾಕಿ ಅಂಗಳಕ್ಕೆ ಎಳೆದ. ಪಕ್ಕದ ಮನೆಯವರ ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿದರು.

"ಮಲಗಿದ್ದ ಕೋಣೇಲಿ ಬೆಂಕಿ ಇತ್ತಾ?" ಡಾಕ್ಟರಮ್ಮ ಕೇಳಿದರು.

ಹೆಂಡತಿಯೇ ಹೇಳಿದಳು: "ಸೌದೆ ಒಲೆ ಇದೆ. ಇವರೇ ಹಾಕಿದ್ದು." ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಸಲೀಸಾಗುತ್ತಿತ್ತು.

ಮೂಗಿಗೆ ಆಮ್ಲಜನಕ ಕೊಟ್ಟರು. ಅಕ್ಕ ಕಣ್ಣು ಬಿಟ್ಟಳು, ಬಾಚಣಿಗೆ ಕೇಳಿದಳು, ಇಲ್ಲಿನ ಚಾದರ ನೆಟ್ಟಗೆ ಒಗೆದಿಲ್ಲ ಎಂದು ಮೂಗು ಮುರಿದಳು. ಮನೆಗೂ ಬಂದಳು. ಬದುಕಿದೆಯಾ ಬಡಜೀವವೇ ಎಂದು ತಮ್ಮ ನೆಮ್ಮದಿಯ ಉಸಿರು ಬಿಟ್ಟ.

ಈ ಸಲ ಹೆಂಡತಿ ಅವನನ್ನು ಕೇಳಲೇ ಇಲ್ಲ, ತಾನೇ ಹೋಗಿ ಮೇಸ್ತ್ರಿಯನ್ನು ಕರೆತಂದಳು. ಮೇಸ್ತ್ರಿ ಮಣ್ಣು ಒಡೆದು ಪೈಪು ಹೊರಗೆಳೆದ. ಒಳಗೆ ಕೈಕನ್ನಡಿ ಹಿಡಿದು, "ಬಾ, ನೋಡು" ಎಂದ.

"ಚಿಮಣಿಯ ಹಿಂದಿನ ಗೋಡೆ ಇದು. ಇದಕ್ಕೂ ನಿನ್ನ ಪೈಪಿನ ಬಾಯಿಗೂ ಬೆರಳು ತೂರೋಷ್ಟು ಜಾಗ ಬಿಟ್ಟಿದ್ದೀಯ. ಹೊಗೆ ಎಲ್ಲಿಂದ ಏರ್ಬೇಕು? ಗಾಳಿ ಎಳೆದ ದಿನ ಹೋಗಿದೆ, ಎಳೆಯದ ದಿನ ವಾಪಸ್ ಬಂದಿದೆ. ಮೇಲೆ ಗೂಡೂ ಹಂಗೇ ಇದೆ, ಕೆಳಗಿನದಷ್ಟೇ ತೆಗೆದಿದ್ದೀಯ."

"ಕೋಣೇಲಿ ಹೊಗೆ ಇರ್ಲಿಲ್ಲ ಮೇಸ್ತ್ರಿ."

"ಕಾಣೋ ಹೊಗೆ ಕೆಮ್ಮಿಸಿ ಎಬ್ಬಿಸುತ್ತೆ. ಕೆಂಡ ಉಸಿರುಕಟ್ಟಿದಾಗ ಬರೋ ವಿಷಗಾಳಿ ಕಾಣೋದೂ ಇಲ್ಲ, ಎಬ್ಬಿಸೋದೂ ಇಲ್ಲ. ಮೊದಲನೇ ಸಲ ಹಾಕಿದ್ದಲ್ವಾ?"

"ಹೂಂ. ನನಗೆ ನಾಲ್ಕು ಬಯ್ಯಿ."

"ಬೈದ್ರೆ ಪೈಪು ಗಿಡ್ಡ ಆಗುತ್ತಾ? ಗರಗಸ ಕೊಡು."

ಮೇಸ್ತ್ರಿ ಪೈಪು ಕೊಯ್ದ, ಮಾಡು ಹತ್ತಿ ಗೂಡು ತೆಗೆದ, ಎಲ್ಲ ಸರಿಮಾಡಿ ಹೋದ. ಆದರೆ ಒಲೆಗೆ ಕಡ್ಡಿ ಗೀರುವ ಧೈರ್ಯ ಬೀಗದಣ್ಣನಿಗೆ ಬರಲಿಲ್ಲ.

ಕೆಲವು ವಾರ ಕಳೆದ ಮೇಲೆ ಅಕ್ಕ ಚಹಾವನ್ನು ಲೋಟದ ಪಕ್ಕಕ್ಕೆ ಸುರಿದಳು. ವಯಸ್ಸಾಯಿತು ಎಂದು ಅವಳೇ ನಕ್ಕಳು. ಆಮೇಲೆ ಚಪ್ಪಲಿಯನ್ನು ಕೈಗೆ ಹಾಕಿಕೊಂಡು ಯೋಚಿಸುತ್ತ ನಿಂತಳು. ನಡಿಗೆ ತೊಡರಿತು. ಹಾಸಿಗೆ ಒದ್ದೆಯಾಗತೊಡಗಿತು. ಒಂದು ಬೆಳಿಗ್ಗೆ ತಮ್ಮನನ್ನು ಮೇಲಿಂದ ಕೆಳಗೆ ನೋಡಿ, "ನೀವು ಯಾರ ಕಡೆಯವರು?" ಎಂದು ಮರ್ಯಾದೆಯಿಂದಲೇ ಕೇಳಿದಳು. ಕೆಲವರಿಗೆ ಹೀಗಾಗುವುದುಂಟು ಎಂದರು ಡಾಕ್ಟರಮ್ಮ. ಮೊದಲು ವಾಸಿಯಾದಂತೆ ಕಂಡು, ಮಿದುಳಿಗೆ ತಾಗಿದ ಪೆಟ್ಟು ತಡವಾಗಿ ಹೊರಬೀಳುತ್ತದಂತೆ. ಮುಂದೆ ಸರಿಹೋಗಬಹುದು, ಹೋಗದಿರಬಹುದು. ಹೋಗಲಿಲ್ಲ.

ಅವನು ಒಲೆಯನ್ನು ಗುಜರಿಗೆ ಹಾಕಲು ಕೈಗಾಡಿ ತಂದ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ ಒಯ್ತೀರಿ?"

"ಈ ಶನಿ ನನ್ನ ಕಣ್ಮುಂದೆ ಇರಬಾರದು."

"ಅತ್ತಿಗೆ ಬೆರಳು ಮತ್ತೆ ಮಡಚ್ಕೊಂಡಿವೆ, ನೋಡಿದ್ರಾ? ನಿಮಗೆ ಮುಖ ಎತ್ತೋಕಾಗಲ್ಲ ಅಂತ ಅವರು ಯಾಕೆ ನಡುಗ್ಬೇಕು? ಹಚ್ಚಿ."

ಗಾಡಿ ಅಂಗಳದಲ್ಲೇ ಉಳಿಯಿತು. ಮೇಸ್ತ್ರಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವನು ಕಡ್ಡಿ ಗೀರಿದ. ಬೆಂಕಿ ಹತ್ತಿದ ಮೇಲೆ ಮೇಸ್ತ್ರಿ ಉರಿಯುವ ಬತ್ತಿಯನ್ನು ಒಲೆಯ ಕಿಂಡಿಯ ಹತ್ತಿರ ಹಿಡಿದ. ಜ್ವಾಲೆ ಒಳಕ್ಕೆ ಬಾಗಿತು. "ಎಳೀತಿದೆ," ಎಂದ ಮೇಸ್ತ್ರಿ. ಆದರೂ ಬೀಗದಣ್ಣ ಕಿಟಕಿ ತುಸು ತೆರೆದೇ ಇಟ್ಟ. ತನ್ನ ಹಾಸಿಗೆಯನ್ನು ಅಕ್ಕನ ಮಂಚದ ಪಕ್ಕಕ್ಕೆ ತಂದು ಹಾಕಿಕೊಂಡ. ಅವಳ ಉಸಿರು ಕೇಳಿಸದಿದ್ದರೆ ದಡಬಡಿಸಿ ಏಳುತ್ತಿದ್ದ. ಹಗಲು ಅಂಗಡಿಯಲ್ಲಿ ತೂಕಡಿಸುತ್ತಿದ್ದ. ಯಾರೋ ಬಂದು, "ಬೀಗದಣ್ಣ, ನೀನೇ ಒಲೆ ಕೂರಿಸ್ದೆ ಅಂತಲ್ಲ, ನಮ್ಮನೆಗೂ ಬಾರಪ್ಪ" ಎಂದರೆ, "ನನಗೆ ಬರಲ್ಲ" ಎಂದು ತಲೆ ತಗ್ಗಿಸಿ ಬೀಗ ಕೆದಕುತ್ತಿದ್ದ.

ಮುಂದಿನ ಚಳಿಗಾಲದಲ್ಲಿ ಅಕ್ಕನ ಎದೆಗೆ ಕಫ ಕಟ್ಟಿತು. ಕೊನೆಯ ದಿನ ಮಧ್ಯಾಹ್ನ, ಹೆಂಡತಿ ಹಿಡಿದು ನಿಂತ ಬೆಚ್ಚನೆಯ ನೀರಲ್ಲಿ ಬಟ್ಟೆ ಅದ್ದಿ ಅವನು ಅಕ್ಕನ ಕೈ ಒರೆಸುತ್ತಿದ್ದಾಗ ಅವಳು ಅವನ ತೋಳು ಹಿಡಿದುಕೊಂಡಳು.

"ನೋಡಿಪ್ಪಾ, ನನ್ನ ತಮ್ಮ ಬರ್ತಾನೆ. ಬಂದ್ರೆ ಊಟ ಹಾಕಿ ಕಳಿಸಿ. ಹಸಿವು ಅಂತ ಬಾಯಿಬಿಟ್ಟು ಹೇಳೋ ಜಾತಿ ಅಲ್ಲ ಅವನು."

"ಆಯ್ತಮ್ಮ, ಹಾಕ್ತೀನಿ," ಎಂದ.

ಬೆಳಕಿರುವಾಗಲೇ ಉಸಿರು ನಿಂತಿತು. ಮರುದಿನ ಎಲ್ಲ ಮುಗಿಸಿ, ಬಂದ ಜನ ಹೊರಟುಹೋದ ಮೇಲೆ, ಹೆಂಡತಿ ಅಡುಗೆಮನೆಯಲ್ಲಿ ತಟ್ಟೆ ಹಾಕಿದಳು. ಅವನು ಬೇಡವೆಂದು ಗೋಡೆಗೆ ಮುಖ ಮಾಡಿದ.

"ಅತ್ತಿಗೆ ನನ್ನ ಮುಂದೇನೇ ಹೇಳಿದ್ದು," ಎಂದಳು ಅವಳು. "ಕೂತ್ಕೊಳ್ಳಿ."

ಕೂತ. ಒಂದು ತುತ್ತು ತಿಂದು ಕೈ ನಿಲ್ಲಿಸಿದ. ಹೆಂಡತಿ ನೀರಿನ ಲೋಟವನ್ನು ಹತ್ತಿರಕ್ಕೆ ಸರಿಸಿದಳು. ನೀರು ಕುಡಿದು ಮತ್ತೆ ತಟ್ಟೆಗೆ ಕೈಹಾಕಿದ.