ಕಪ್ಪು ತೊಟ್ಟಿಯ ಮರಿಗಳು

ನಮ್ಮದು ದೇವರಾಜ ಮೊಹಲ್ಲಾದಲ್ಲಿ ವಿಭೂತಿ, ಊದುಬತ್ತಿ ಮಾರುವ ಮನೆ. ಹೊಸ್ತಿಲೊಳಗೆ ಕೋಳಿಮೊಟ್ಟೆ ಕೂಡ ಬಂದದ್ದಿಲ್ಲ. ಅಂಥ ಮನೆಯ ಮಗಳು ಮೀನುಗಾರಿಕೆ ಓದಿ, ಇಲವಾಲದ ಹತ್ತಿರ ಒಬ್ಬರ ಕೊಳಗಳಲ್ಲಿ ಮೀನುಮರಿ ಮಾಡಿಸುವ ಕೆಲಸಕ್ಕೆ ಸೇರಿದಾಗಲೇ ನೆಂಟರೆಲ್ಲ ಮೂಗು ಮುರಿದಿದ್ದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಮಲೇಷ್ಯಾದ ಕಡಲಮೀನು ಸಾಕುವ ಫಾರಂನಲ್ಲಿ ನನಗೆ ಕೆಲಸ ಸಿಕ್ಕಿತು.

"ಅಲ್ಲಿ ಊಟಕ್ಕೇನಮ್ಮ ಮಾಡ್ತೀಯ?" ಎಂದಷ್ಟೇ ಅಪ್ಪಾಜಿ ಕೇಳಿದರು.

"ಅನ್ನ ಎಲ್ಲಾ ಕಡೆ ಸಿಗುತ್ತೆ ಅಪ್ಪಾಜಿ."

ಫಾರಂನ ತೊಟ್ಟಿಗಳು ಬೆಳ್ಳಗೆ ಹೊಳೆಯುತ್ತಿದ್ದವು. ಆದರೆ ಮೊಟ್ಟೆಯೊಡೆದು ಬಂದ ಮರಿಗಳು ಏನೂ ತಿನ್ನದೆ ಸತ್ತು ತಳ ಸೇರುತ್ತಿದ್ದವು. ಅದನ್ನು ಸರಿಪಡಿಸಲೆಂದೇ ನನ್ನನ್ನು ಕರೆಸಿದ್ದರು. ನನ್ನ ಕೈಯಲ್ಲೂ ಮರಿಗಳ ಮೊದಲ ತಂಡ ಪೂರ್ತಿ ಸತ್ತುಹೋಯಿತು. ಅಳು ಬಂತು. ಕಣ್ಣೊರೆಸಿಕೊಂಡು, ಎರಡನೆಯ ತಂಡ ಬಂದಾಗ ತೊಟ್ಟಿಯ ಅಂಚಿನಲ್ಲೇ ಕೂತು ನೋಡತೊಡಗಿದೆ. ಮರಿಗಳು ಬಿಳಿ ಗೋಡೆಗೇ ಹೋಗಿ ಹೋಗಿ ಮುತ್ತುತ್ತಿದ್ದವು. ಆ ಬೆಳಕಿನಲ್ಲಿ ಎದುರಿಗಿದ್ದ ಆಹಾರವೇ ಅವಕ್ಕೆ ಕಾಣುತ್ತಿಲ್ಲ ಅನ್ನಿಸಿತು.

"ಒಂದು ತೊಟ್ಟಿಯ ಒಳಗೆ ಕಪ್ಪು ಬಣ್ಣ ಬಳಿಸೋಣ" ಎಂದೆ ಮ್ಯಾನೇಜರಿಗೆ. ಆಕೆ ಅಲ್ಲಿಯವರೇ, ಮಾತು ಕಡಿಮೆ.

"ಅದರಲ್ಲಿ ಬಿಟ್ಟವೂ ಸತ್ತರೆ?"

"ನಾನು ಊರಿಗೆ ಹೊರಡ್ತೀನಿ."

ಆಕೆ ಒಪ್ಪಿದರು. ಮುಂದಿನ ತಂಡ ಬಂದಾಗ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಿತ್ತಳೆ ಬಣ್ಣದ ಸೀಗಡಿಮರಿಗಳನ್ನು ಆಹಾರವಾಗಿ ಬಿಟ್ಟೆವು. ಸ್ವಲ್ಪ ಹೊತ್ತಿನ ಮೇಲೆ ಕಪ್ಪು ತೊಟ್ಟಿಯ ನೀರನ್ನು ಗಾಜಿನ ಲೋಟದಲ್ಲಿ ಮೊಗೆದು ಕಿಟಕಿಗೆ ಹಿಡಿದೆ. ಒಂದೊಂದು ಮೀನುಮರಿಯ ತೆಳು ಹೊಟ್ಟೆಯಲ್ಲೂ ಕಿತ್ತಳೆ ಚುಕ್ಕೆ!

"ತಿಂದ್ಬುಟ್ವು ಕಣ್ರೀ!" ಎಂದು ಕೂಗಿಬಿಟ್ಟೆ. ಕನ್ನಡದ ಗಂಧವಿಲ್ಲದ ಮ್ಯಾನೇಜರು ಅರ್ಥ ಮಾಡಿಕೊಂಡು ನನ್ನನ್ನು ತಬ್ಬಿಕೊಂಡರು.

ಬಿಳಿ ತೊಟ್ಟಿಗಳ ಮರಿಗಳು ಎಂದಿನಂತೆ ಹೋದವು. ಕಪ್ಪು ತೊಟ್ಟಿಯವು ಬೆಳೆದವು. ಉಳಿದ ತೊಟ್ಟಿಗಳಿಗೂ ಬಣ್ಣ ಬಿತ್ತು. ಮರಿ ವಿಭಾಗದ ಪೂರ್ತಿ ಹೊಣೆ ನನ್ನದಾಯಿತು. ಫೋನಿನಲ್ಲಿ ಸುದ್ದಿ ಹೇಳಿದಾಗ ಅಪ್ಪಾಜಿ ಅಂಗಡಿಗೆಲ್ಲ ಕೇಳುವಂತೆ ಗಟ್ಟಿಯಾಗಿ, "ಎಲ್ಲಾ ಮರಿಗಳೂ ಉಂಡ್ವೇನಮ್ಮಾ?" ಎಂದರು. ಹಿಂದೆ ಯಾರೋ ಗಿರಾಕಿ ನಕ್ಕದ್ದು ಕೇಳಿಸಿತು. ಅಪ್ಪಾಜಿ ಅವರಿಗೆ, "ನಗೋದೇನ್ರೀ? ನಮ್ಮ ಹುಡುಗಿ ಸಾಕಿದ್ದು ಕಣ್ರೀ" ಎಂದರು.

ಮರಿಗಳು ಬೆರಳುದ್ದ ಆದ ಮೇಲೆ ಅವನ್ನು ಕಡಲಿನ ಬಲೆಪಂಜರಗಳಿಗೆ ಬಿಡುವ ದಿನ ಬಂತು. ಎಲ್ಲರಿಗಿಂತ ಮೊದಲು ದೋಣಿ ಹತ್ತಿದವಳು ನಾನೇ. ಮರಿಗಳಿದ್ದ ಡ್ರಮ್ಮು ಬಗ್ಗಿಸಿದೆ. ನೀರಿನ ಜೊತೆ ಬೆಳ್ಳಿಯಂತೆ ಸುರಿದವು, ಒಮ್ಮೆ ತಿರುಗಿ, ಗುಂಪುಗೂಡಿ, ಕೆಳಕ್ಕೆ ಈಜಿದವು.